ನಮ್ಮ ಸೋದರತ್ತೆಯ ಬಾಗಿಲಿಲ್ಲದ ಲ್ಯಾಬ್

ಕೂಡ್ಲಿಗಿ ಪೇಟೆಯಲ್ಲಿ ಪೊಲೀಸರಿಗೆ ಹೆದರದವರೂ ನಮ್ಮ ಸೋದರತ್ತೆಗೆ ಹೆದರುತ್ತಿದ್ದರು. ಅತ್ತೆ ರೌಡಿಯಲ್ಲ, ಹೆಣ್ಣುಮಕ್ಕಳ ಹೈಸ್ಕೂಲಿನ ವಿಜ್ಞಾನದ ಟೀಚರು. ಎಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ಶಾಲೆಗೆ ಲ್ಯಾಬ್ ಇರಲಿಲ್ಲ. ಲ್ಯಾಬ್ ಇಲ್ಲದಿದ್ದರೆ ಬೇರೆ ಟೀಚರು ಏನು ಮಾಡುತ್ತಾರೆ? ಬೋರ್ಡಿನ ಮೇಲೆ ಚಿತ್ರ ಬರೆದು ಕೈತೊಳೆದುಕೊಳ್ಳುತ್ತಾರೆ. ನಮ್ಮತ್ತೆ ಒಂಬತ್ತನೇ ಕ್ಲಾಸಿನ ಇಪ್ಪತ್ತೆರಡು ಹುಡುಗಿಯರನ್ನು ಸಾಲು ಹಚ್ಚಿ ಪೇಟೆಯ ಮೇಲೆ ದಂಡೆತ್ತಿ ಹೋಗುತ್ತಿದ್ದಳು!

ಮೊದಲ ದಾಳಿ ಬಸ್‌ಸ್ಟ್ಯಾಂಡ್ ಹತ್ತಿರದ ಚಾಚಾರ ಗ್ಯಾರೇಜಿನ ಮೇಲೆ. ಗಾಲಿ ಬದಲಿಸಲು ಒಂದು ಲಾರಿ ನಿಂತಿತ್ತು.

"ಚಾಚಾ, ಇವತ್ತು ಜಾಕು ನಮ್ಮ ಹುಡಿಗ್ಯಾರು ಒತ್ತತಾರ್ರಿ" ಎಂದಳು ಅತ್ತೆ.

"ಟೀಚರಮ್ಮಾ, ಲಾರಿ ಹೊಸಪೇಟಿಗೆ ಹೋಗ್ಬೇಕ್ರಿ!"

"ಹೋಗ್ಲಿ ಬಿಡ್ರಿ, ಯಾರು ಬ್ಯಾಡ ಅಂದ್ರು? ಇಪ್ಪತ್ತೆರಡು ಸಲ ಎತ್ತಿ ಇಳಿಸಿದ ಮ್ಯಾಲೆ ಹೋಗ್ಲಿ."

ಜಾಕಿನೊಳಗಿನ ಎಣ್ಣೆಯ ಒತ್ತಡ ಲಾರಿಯನ್ನು ಹೇಗೆ ಎತ್ತುತ್ತದೆ ಎಂಬುದನ್ನು ನಾವು ಇವತ್ತಿಗೂ ಮರೆತಿಲ್ಲ. ಆ ಡ್ರೈವರೂ ಮರೆತಿರಲಿಕ್ಕಿಲ್ಲ.

ಅತ್ತೆಗೆ ಇನ್ನೊಂದು ಹುಚ್ಚಿತ್ತು. ಯಾರ ಅಂಗಡಿಯಲ್ಲಿ ಪ್ರಯೋಗವೋ ಅವರೇ ನಮ್ಮ ರೆಕಾರ್ಡ್ ಬುಕ್ಕಿಗೆ ಸಹಿ ಹಾಕಬೇಕು! ಚಾಚಾ ಉರ್ದುವಿನಲ್ಲಿ ಹಾಕುತ್ತಿದ್ದರು. ಗೋಲಿಸೋಡಾ ಅಂಗಡಿಯ ತಾತನದು ಹೆಬ್ಬೆಟ್ಟು. ಅಲ್ಲಿ ಸಿಲಿಂಡರಿನ ಗ್ಯಾಸನ್ನು ಸುಣ್ಣದ ತಿಳಿನೀರಿಗೆ ಬಿಟ್ಟು, ನೀರು ಹಾಲಿನಂತೆ ಬೆಳ್ಳಗಾಗುವುದನ್ನು ನೋಡಬೇಕಿತ್ತು. ನನ್ನ ಪುಸ್ತಕ ಬಂದಾಗ ತಾತ ಬೆರಳು ಹಿಂದಕ್ಕೆಳೆದುಕೊಂಡ.

"ಈಕಿ ನೀರು ನೋಡ್ಲೇ ಇಲ್ಲವ್ವಾ. ಬಾಟ್ಲಿ ಗೋಲಿ ನೋಡ್ಕೋಂತ ನಿಂತಿದ್ಲು. ನಾ ಒತ್ತಂಗಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಸ್ವಂತ ಅಣ್ಣನ ಮಗಳಲ್ಲವೇ ನಾನು?

"ಪರೀಕ್ಷಕರು ಹೇಳಿದ್ರಲ್ಲ. ಮುಂದಿನ ವಾರ ಬಾ" ಎಂದಳು.

ಹೀಗೆ ನಾನು ಸೋಡಾದಲ್ಲಿ ಫೇಲಾದೆ.

ಅದೇ ವರ್ಷ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ನಮಗೆ ಹತ್ತನೇ ಕ್ಲಾಸು ಮಂಜೂರು ಮಾಡಬೇಕೋ ಬೇಡವೋ ಎಂದು ನೋಡಲು.

"ಲ್ಯಾಬ್ ಎಲ್ಲಿದೆ?"

"ಅರ್ಧ ಬಸ್‌ಸ್ಟ್ಯಾಂಡ್ ಹತ್ರ ಐತ್ರಿ ಸಾರ್. ಉಳಿದರ್ಧ ಸಂತಿ ಬೀದ್ಯಾಗ."

ಸಾಹೇಬರು ರೆಕಾರ್ಡ್ ಬುಕ್ ತಿರುವಿದರು. "ಈ ಹೆಬ್ಬೆಟ್ಟು ಯಾರದು?"

"ಅದು ರಸಾಯನಶಾಸ್ತ್ರ ವಿಭಾಗದ್ರಿ ಸಾರ್."

ಸಾಹೇಬರು ನಗಲಿಲ್ಲ. ತಿಂಗಳೊಳಗೆ ಒಂದು ಬೀರು ತುಂಬ ಸಾಮಾನು ಕಾಣದಿದ್ದರೆ ಹತ್ತನೇ ಕ್ಲಾಸಿಲ್ಲ, ಹುಡುಗಿಯರು ಬಸ್ ಹತ್ತಿ ಕೊಟ್ಟೂರಿಗೆ ಹೋಗಲಿ ಎಂದು ಹೇಳಿ ಹೋದರು. ದಿನಾ ಬಸ್ಸಿನಲ್ಲಿ ಕೊಟ್ಟೂರಿಗೆ! ನಮ್ಮ ಮನೆಗಳಲ್ಲಿ ಅದರ ಅರ್ಥ ಒಂದೇ: ಓದಿದ್ದು ಸಾಕು, ಗಂಡು ಹುಡುಕಿ.

ಆ ಸಂಜೆ ಅತ್ತೆ ನನ್ನೊಬ್ಬಳನ್ನೇ ಕರೆದುಕೊಂಡು ಪೇಟೆಗೆ ಹೋದಳು. ಚಾಚಾ ಗಾಬರಿಯಾದರು. "ಯಾಕ್ರಿ ಟೀಚರಮ್ಮಾ, ಫೌಜು ಎಲ್ಲೈತಿ?"

ಅತ್ತೆ ನಡೆದದ್ದನ್ನು ಹೇಳಿದಳು. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದ ಸೋಡಾ ತಾತ ಎದ್ದೇ ನಿಂತ. "ನಾವು ಪಾಸ್ ಮಾಡಿದ ಹುಡಿಗ್ಯಾರನ್ನ ಫೇಲ್ ಮಾಡಾಕ ಅವ ಯಾವನು?"

ಚಾಚಾ ಹಳೇ ಲಾರಿಯ ತಗಡು ಕೊಯ್ದು, ವೆಲ್ಡಿಂಗ್ ಮಾಡಿ ಬೀರು ಕಟ್ಟಿದರು. ನಾವು ಹಿಂದೊಮ್ಮೆ ದಂಡೆತ್ತಿ ಹೋಗಿದ್ದ ಎಣ್ಣೆ ಮಿಲ್ಲಿನವರು ತಾತನನ್ನು ಹೊಸಪೇಟೆಗೆ ಕರೆದೊಯ್ದು, ಟೆಸ್ಟ್‌ಟ್ಯೂಬು, ಬೀಕರುಗಳನ್ನು ಶೇಂಗಾ ಹೊಟ್ಟಿನಲ್ಲಿ ಹುದುಗಿಸಿ ತಂದರು. ಒಂದೂ ಒಡೆದಿರಲಿಲ್ಲ. ತಿಂಗಳ ಮೇಲೆ ಬಂದ ಸಾಹೇಬರು ಬೀರುವಿನ ಬಾಗಿಲಿಗಿದ್ದ 'ಹಾರ್ನ್ ಮಾಡಿ' ಎಂಬುದನ್ನು ಎರಡು ಸಲ ಓದಿದರು. ಬಾಗಿಲು ತೆಗೆದು ನೋಡಿದರು. ಸಹಿ ಹಾಕಿದರು.

ಮರುದಿನ ಅತ್ತೆ ಗಾಜಿನ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿದಳು. ಒಡೆದವರ ಹೆಸರನ್ನು ಬೋರ್ಡಿನ ಮೇಲೆ ಬರೆಯಬೇಕೆಂದು ಹೆಡ್‌ಮಿಸ್ಟ್ರೆಸ್ ಆಗಲೇ ಅಪ್ಪಣೆ ಕೊಟ್ಟಿದ್ದರು. ಇಪ್ಪತ್ತೆರಡೂ ಜನ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತೆವು. ಒಬ್ಬರೂ ಮುಂದೆ ಬರಲಿಲ್ಲ.

ಅತ್ತೆ ನಮ್ಮನ್ನೆಲ್ಲ ನೋಡಿದಳು. ಆಮೇಲೆ ಒಂದು ಟೆಸ್ಟ್‌ಟ್ಯೂಬ್ ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಕೈ ಬಿಟ್ಟಳು. ಚೂರುಗಳನ್ನು ದಾಟಿ ಹೋಗಿ ಬೋರ್ಡಿನ ಮೇಲೆ ತನ್ನ ಹೆಸರು ದಪ್ಪಗೆ ಬರೆದಳು.

"ಮೊದಲ್ನೇದು ನಂದಾತು. ಇನ್ನ ಯಾರ ಒಡದ್ರೂ ನನ್ನ ಹಿಂದ. ಬರ್ರೆವ್ವಾ, ಮುಟ್ರಿ."