ಐದಕ್ಕೆ ಮೂರು

ನಿವೃತ್ತ ಮೇಷ್ಟ್ರ ಕೈ ಸುಮ್ಮನಿರುವುದಿಲ್ಲ; ತಿದ್ದಲು ಏನಾದರೂ ಬೇಕು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ತಿದ್ದಿದವನು ಇನ್ನು ನಗರವನ್ನೇ ತಿದ್ದಿಬಿಡುತ್ತೇನೆಂದು ಪಣ ತೊಟ್ಟೆ! ಆಯುಧವೂ ಸಿದ್ಧವಿತ್ತು: ನಗರಸಭೆಯವರ ಹೊಸ ಮೊಬೈಲ್ ಆ್ಯಪ್. ಕೆಟ್ಟ ಬೀದಿದೀಪದ ಫೋಟೊ ಕಳಿಸಿದ ಮೂರನೆಯ ದಿನವೇ ದೀಪ ಉರಿಯಿತು. ಸೂರ್ಯನನ್ನೇ ಹೊತ್ತಿಸಿದವನಂತೆ ಬೀಗಿದೆ.

ಅದರಲ್ಲಿ ದಿನವೂ ಒಂದು ಪ್ರಶ್ನೆ ಬರುತ್ತಿತ್ತು: ನಿಮ್ಮ ಬೀದಿಯ ಸ್ವಚ್ಛತೆಗೆ ಐದಕ್ಕೆ ಎಷ್ಟು ಅಂಕ? ಅಂಕ ಕೊಡು ಎಂದರೆ ನನಗೆ ಹಾಲು ಕುಡಿದಷ್ಟು ಸಂತೋಷ.

ಬೀದಿ ಗುಡಿಸುವಾಕೆಯನ್ನು ನಾವೆಲ್ಲ ಗಡಿಯಾರಮ್ಮ ಎನ್ನುತ್ತಿದ್ದೆವು. ಆಕೆಯ ಪೊರಕೆಯ ಸದ್ದು ಕೇಳಿತೆಂದರೆ ಬೆಳಗಿನ ಆರೂವರೆ. ಕೆಲಸ ಚೆನ್ನಾಗಿಯೇ ಇತ್ತು. ಆದರೆ ನಾನು ವ್ಯಾಯಾಮಕ್ಕೆಂದು ನಮ್ಮ ಅಂಗಳ ಗುಡಿಸಿ, ಸ್ನಾನ ಮುಗಿಸಿ, ಎಂಟಕ್ಕೆ ಹೊರಬಂದು ನೋಡಿದರೆ ಗೇಟಿನ ಮುಂದೆ ಒಂದು ರಾಶಿ ಒಣಗಿದ ಎಲೆ! ಹೀಗಾಗಿ ಐದಕ್ಕೆ ಮೂರು. ಷರಾ: 'ಪರವಾಗಿಲ್ಲ, ಇನ್ನೂ ಸುಧಾರಿಸಬೇಕು.' ಪೂರ್ತಿ ಅಂಕ ಕೊಡುವುದು ನನ್ನ ಜಾಯಮಾನದಲ್ಲಿಲ್ಲ. ಸ್ವಂತ ಮಗಳಿಗೇ ಕೊಟ್ಟಿರಲಿಲ್ಲ.

ತಿಂಗಳು ಕಳೆಯಿತು. ಒಂದು ಸಂಜೆ ನನ್ನಾಕೆ ಚಹಾದ ಲೋಟವನ್ನು ಕುಕ್ಕಿದಳು.

"ಗಡಿಯಾರಮ್ಮನಿಗೆ ಮಾರ್ಕೆಟ್ಟಿನ ಕಡೆಗೆ ವರ್ಗ ಅಂತೆ ರೀ. ಆ ಮಂಡಿನೋವಲ್ಲಿ ದಿನಾ ಎರಡು ಬಸ್ಸು ಹತ್ತಿಳೀಬೇಕು. ಆ್ಯಪಲ್ಲಿ ಯಾರೋ ಪುಣ್ಯಾತ್ಮರು ದಿನಾ ಮೂರು ಮೂರೇ ಅಂಕ ಕೊಟ್ಟಿದಾರೆ, ಅದಕ್ಕೆ."

"ಮೂರು ಅಂದ್ರೆ ಶೇಕಡಾ ಅರವತ್ತು ಕಣೇ. ಫಸ್ಟ್ ಕ್ಲಾಸು."

"ಓಹೋ. ಪುಣ್ಯಾತ್ಮರು ಮನೇಲೇ ಇದಾರೆ."

ಮಿಕ್ಕ ಬೀದಿಗಳವರು ಕಣ್ಣುಮುಚ್ಚಿ ಐದು ಒತ್ತುತ್ತಾರಂತೆ. ನಮ್ಮ ಬೀದಿಯಲ್ಲಿ ಅಂಕ ಕೊಡುತ್ತಿದ್ದವನು ನಾನೊಬ್ಬನೇ. ನನ್ನ ಫಸ್ಟ್ ಕ್ಲಾಸಿನಿಂದ ಆಕೆ ಇಡೀ ನಗರಕ್ಕೇ ಕೊನೆಯವಳಾಗಿದ್ದಳು.

ಮರುದಿನ ಆರೂವರೆಗೆ ಗೇಟಿನಲ್ಲಿ ನಿಂತು, ಅಂಕವನ್ನೂ ಷರಾವನ್ನೂ ಓದಿ ಹೇಳಿ ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಆಕೆ ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡು ನಕ್ಕಳು.

"ನಾನು ಶಾಲೆ ಮೆಟ್ಲು ಹತ್ತಿದವಳಲ್ಲ ಮೇಷ್ಟ್ರೇ. ಜೀವನದಲ್ಲಿ ಮೊದಲ್ನೇ ಸಲ ಅಂಕ ಸಿಕ್ಕಿದ್ದು, ಖುಷೀನೇ ಆಯ್ತು. ಇನ್ನೆರಡು ಯಾಕೆ ಹೋಯ್ತು ಹೇಳಿ, ತಿದ್ಕೋತೀನಿ."

ಯಾವ ಶಿಷ್ಯನೂ ಇಷ್ಟು ವಿನಯದಿಂದ ಕೇಳಿರಲಿಲ್ಲ. ಗೇಟಿನ ಮುಂದಿನ ಎಲೆಗಳ ವಿಷಯ ಹೇಳಿದೆ. ಆಕೆ ನನ್ನ ಹಿಂದೆ ಬಂದು ನಿಂತಿದ್ದ ನನ್ನಾಕೆಯ ಮುಖ ನೋಡಿದಳು.

"ಅವಳು ಹೇಳಲ್ಲ, ನಾನೇ ಹೇಳ್ತೀನಿ," ಎಂದಳು ನನ್ನಾಕೆ. "ಅವಳು ಗುಡಿಸಿ ಹೋದ ಮೇಲೆ ನಮ್ಮ ಅಂಗಳದ ಎಲೆನೆಲ್ಲ ಗೇಟಿನ ಸಂದಿಯಿಂದ ಆಚೆ ತಳ್ಳೋರು ಯಾರು?"

 ಗುಡಿಸುವ ಭರದಲ್ಲಿ ಪ್ರತಿದಿನ ತಳ್ಳಿದ್ದೂ ನಾನೇ, ಅಂಕ ಕಳೆದದ್ದೂ ನಾನೇ.

ಮೆಟ್ಟಿಲ ಮೇಲೆ ಕುಳಿತು ಆ್ಯಪ್ ತೆರೆದು ಮೂವತ್ತು ದಿನಗಳ ಮೂರನ್ನೂ ಐದು ಮಾಡಿದೆ. ಕಾರಣ ಬರೆಯುವ ಜಾಗದಲ್ಲಿ ಮೂವತ್ತು ಸಲವೂ ಬರೆದೆ: 'ತಪ್ಪು ಪರೀಕ್ಷಕನದು. ಎಲೆಗಳೂ ಪರೀಕ್ಷಕನವೇ.' ಸಂಜೆಯೊಳಗೆ ವರ್ಗ ರದ್ದಾದ ಸುದ್ದಿ ಬಂತು. ನಾನಂತೂ ಮರುಮೌಲ್ಯಮಾಪನವನ್ನು ಇಷ್ಟು ಬೇಗ ಎಂದೂ ಮುಗಿಸಿದವನಲ್ಲ.

ಈಗ ಎಲೆಗಳನ್ನು ಬುಟ್ಟಿಗೆ ತುಂಬಿ ಮರದ ಬುಡಕ್ಕೇ ಸುರಿಯುತ್ತೇನೆ. ಮೊನ್ನೆ ಗೇಟಿನ ಬಳಿ ಇಬ್ಬರೂ ಚಹಾ ಕುಡಿಯುತ್ತಾ ನನ್ನ ಕೆಲಸ ನೋಡುತ್ತಿದ್ದರು.

"ಇವರಿಗೆ ಎಷ್ಟು ಕೊಡ್ತೀಯೇ?" ಎಂದು ಕೇಳಿದಳು ನನ್ನಾಕೆ.

ಗಡಿಯಾರಮ್ಮ ಅಂಗಳದ ಮೂಲೆ ಮೂಲೆಗೂ ಕಣ್ಣಾಡಿಸಿದಳು. ಆಮೇಲೆ ಕನಿಕರದಿಂದ ಹೇಳಿದಳು:

"ಮೂರು ಕೊಡಿ ಅಕ್ಕಾ. ಪರವಾಗಿಲ್ಲ, ಇನ್ನೂ ಸುಧಾರಿಸಬೇಕು."