ಲಕೋಟೆ ಮಾತ್ರ ನೋಡುವ ಕೆಲಸ

ಇಂಥವು ನನಗೆ ಆಗುತ್ತಲೇ ಇರುತ್ತವೆ. ತಪ್ಪು ನನ್ನ ಕೆಲಸದ್ದೋ ನನ್ನದೋ, ಇನ್ನೂ ತೀರ್ಮಾನವಾಗಿಲ್ಲ.

ನಮ್ಮದೊಂದು ಪತ್ತಿನ ಸಹಕಾರಿ ಸಂಘ. ಕೊಟ್ಟೂರಿನಲ್ಲಿ ಮುಖ್ಯ ಕಚೇರಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಶಾಖೆಗಳು. ಅಲ್ಲಿನ ಯಾವ ಕಂಪ್ಯೂಟರು ಯಾವುದರ ಜೊತೆ, ಎಷ್ಟು ಹೊತ್ತು ಮಾತಾಡಿತು, ಎಷ್ಟು ಡೇಟಾ ಕಳಿಸಿತು ಎಂಬ ದಾಖಲೆ ಏರಿಳಿಯುವ ಗೆರೆಗಳಾಗಿ ನನ್ನ ಪರದೆಗೆ ಬರುತ್ತದೆ. ಏನು ಮಾತಾಡಿತು ಎಂಬುದು ಬರುವುದಿಲ್ಲ. ಅಂಚೆಯವನು ಲಕೋಟೆಯ ಮೇಲಿನ ವಿಳಾಸ ಓದಿ, ಅಂಗೈಯಲ್ಲಿ ತೂಕ ನೋಡಿದಂತೆ. ಅಷ್ಟರಿಂದಲೇ ಕಳ್ಳರನ್ನು ಹಿಡಿಯಬೇಕು. ಹಿಡಿಯಬಹುದು ಕೂಡ. ಆದರೆ ತೂಕ ನೋಡಿದವನಿಗೆ ಪತ್ರವನ್ನೇ ಓದಿದೆನೆಂದು ಅನ್ನಿಸಿಬಿಡುತ್ತದೆ. ಹಾಗೆ ಅನ್ನಿಸಿದ್ದರಿಂದ ಹಡಗಲಿ ಶಾಖೆಯ ಒಬ್ಬ ಹೆಣ್ಣುಮಗಳ ನೌಕರಿ ಹೋಗುವುದರಲ್ಲಿತ್ತು. ಅಲ್ಲಿಗೆ ಬರುವ ಮೊದಲು ಉಳಿದ ಊರುಗಳನ್ನು ದಾಟಬೇಕು.

ಕೂಡ್ಲಿಗಿ

ಮೊದಲ ವಾರವೇ ಕೂಡ್ಲಿಗಿಯಿಂದ ಹೊರದೇಶದ ಒಂದು ವಿಳಾಸಕ್ಕೆ ದಿನವಿಡೀ ಡೇಟಾ ಹರಿಯುವುದು ಕಂಡಿತು. ಶಾಖೆಯ ಕಂಪ್ಯೂಟರುಗಳನ್ನು ಒಂದೊಂದಾಗಿ ಬಂದ್ ಮಾಡಿಸಿದೆ. ಹರಿವು ನಿಲ್ಲಲಿಲ್ಲ. ಕಡೆಗೆ ಚಾಲೂ ಇದ್ದದ್ದು ಬಾಗಿಲ ಮೇಲಿನ ಕ್ಯಾಮರಾ ಒಂದೇ.

ಸಂಘದ ಅಧ್ಯಕ್ಷರು ಫೋನಿನಲ್ಲಿ ಕೇಳಿದರು: “ಸಿಕ್ಕನೇನ್ರಿ ಕಳ್ಳ?”

“ಸಿಕ್ಕೈತ್ರಿ. ಕಳ್ಳರನ್ನ ಹಿಡಿಯಾಕ ಅಂತ ಹೋದ ವರ್ಷ ನೀವು ಟೇಪು ಕತ್ತರಿಸಿ ಉದ್ಘಾಟನೆ ಮಾಡಿದ್ರಲ್ಲ, ಆ ಕ್ಯಾಮರಾ.”

“ಹಂಗಾರ ನನ್ನ ಫೋಟೋನೂ ಹೊರಗ ಹೋಗೈತೇನು?”

“ಮೊದಲು ಹೋಗಿದ್ದೇ ಅದು ರೀ.”

ಹರಪನಹಳ್ಳಿ

ಹರಪನಹಳ್ಳಿಯ ಗೆರೆ ಮಾತ್ರ ನೇರವಾಗಿ ಮಲಗಿತ್ತು. ಅನುಮಾನಾಸ್ಪದ ವಿಳಾಸವಿಲ್ಲ, ಅಡ್ಡಾದಿಡ್ಡಿ ಏರಿಳಿತವಿಲ್ಲ. ‘ಅತ್ಯಂತ ಶಿಸ್ತಿನ ಶಾಖೆ’ ಎಂದು ತಿಂಗಳ ವರದಿಯಲ್ಲಿ ಬರೆದೆ. ಆಡಳಿತ ಮಂಡಳಿ ಮೆಚ್ಚಿ ಅಲ್ಲಿಯ ಮ್ಯಾನೇಜರಿಗೆ ಶಾಲು ಹೊದಿಸಿತು.

ಏನೋ ಕೆಲಸಕ್ಕೆ ಅಲ್ಲಿಗೆ ಹೋದಾಗ ನೋಡಿದೆ. ನೆಟ್‌ವರ್ಕಿನ ವೈರು ಸುರುಳಿಯಾಗಿ ಕಪಾಟಿನ ಮೇಲೆ ಕೂತಿತ್ತು. ಇಡೀ ಶಾಖೆ ಮ್ಯಾನೇಜರ ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ನಡೆಯುತ್ತಿತ್ತು.

“ಇದೇನ್ರಿ?” ಎಂದೆ.

“ನೀವು ದಿನಾ ಕೂತು ನೋಡ್ತಾ ಇರ್ತೀರಂತಲ್ಲ ಸಾರ್,” ಅಂದರು ಮ್ಯಾನೇಜರು. “ಪಾಪ, ನಿಮಗ್ಯಾಕೆ ತೊಂದ್ರೆ ಅಂತ ಕಿತ್ತಿಟ್ವಿ.”

ಹಗರಿಬೊಮ್ಮನಹಳ್ಳಿ

ದಸರೆ ರಜೆ ಮುಗಿದ ಮೇಲೆ ಅಲ್ಲಿಯ ಒಂದು ಕಂಪ್ಯೂಟರು ಶಾಖೆಯ ಎಲ್ಲ ಯಂತ್ರಗಳ ಬಾಗಿಲನ್ನೂ ಸಾಲಾಗಿ ಬಡಿಯತೊಡಗಿತು. ಒಳನುಗ್ಗಲು ನೋಡುವವರು ಹೀಗೇ ಬಡಿಯುತ್ತಾರೆ. ಗಾಬರಿಯಿಂದ ಫೋನ್ ಮಾಡಿದೆ.

“ಅದು ಪ್ರಿಂಟರ್ ಹುಡುಕ್ತೈತ್ರಿ,” ಅಂದ ಕ್ಲರ್ಕು, ನಿರಾಳವಾಗಿ.

“ಪ್ರಿಂಟರ್ ಎಲ್ಲೈತಿ?”

“ಮಾಳಿಗಿ ಮ್ಯಾಲೆ. ಆಯುಧಪೂಜಿಗೆ ತೊಳೆದಿದ್ವಿ. ಇನ್ನೂ ಒಣಗಿಲ್ರಿ.”

ಹಡಗಲಿ

ಹಡಗಲಿಯದು ನಗುವ ಹಾಗಿರಲಿಲ್ಲ. ದಿನಾ ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಒಂದು ಕಂಪ್ಯೂಟರಿನಿಂದ ಅರ್ಧ ಗಂಟೆ ಡೇಟಾ ಧಾರಾಳವಾಗಿ ಹೊರಗೆ ಹೋಗುತ್ತಿತ್ತು. ಒಳಗೆ ಬರುವುದು ಅತ್ಯಲ್ಪ. ಸದಸ್ಯರ ದಾಖಲೆಗಳನ್ನು ಯಾರೋ ಸಾಗಿಸುತ್ತಿದ್ದರೆ ಗೆರೆ ಹೀಗೇ ಕಾಣಬೇಕು. ಅದು ಆ ಹೆಣ್ಣುಮಗಳು ಕೂರುವ ಕಂಪ್ಯೂಟರು. ಕ್ಲರ್ಕು, ಆರು ತಿಂಗಳ ಬಸುರಿ.

ಮ್ಯಾನೇಜರಿಗೆ ಫೋನ್ ಮಾಡಿ, ಒಂದೂವರೆಗೆ ಆಕೆ ಏನು ಮಾಡುತ್ತಾಳೆಂದು ಕೇಳಿದೆ. “ಊಟ ಮಾಡ್ತಾರ್ರಿ. ನಾನೇನೂ ನೋಡಿಲ್ರಿ,” ಎಂದು ತಡವರಿಸಿ ಫೋನ್ ಇಟ್ಟರು. ನನ್ನ ಅನುಮಾನ ಗಟ್ಟಿಯಾಯಿತು. ವರದಿ ಕೊಟ್ಟೆ. ಎರಡೇ ಸಾಲು ಬರೆದಿದ್ದೆ. ಅಷ್ಟಕ್ಕೇ ಅಧ್ಯಕ್ಷರು ಆಕೆಯನ್ನು ಸಸ್ಪೆಂಡ್ ಮಾಡುವ ಆದೇಶ ಟೈಪ್ ಮಾಡಿಸಿ ಸಹಿ ಹಾಕಿದರು. ಲಕೋಟೆಯ ಒಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ ಅಂದೆ. “ಹಂಗಾರ ಬರ್ರಿ, ಕೈಯಾರೆ ಹಿಡಿಯಾಣು,” ಎಂದು ಕಾಗದವನ್ನು ಜೇಬಿಗಿಟ್ಟು ಕಾರು ಹತ್ತಿಸಿದರು.

ಒಂದೂ ಮುಕ್ಕಾಲಿಗೆ ಹಡಗಲಿ ಶಾಖೆಯೊಳಗೆ ಹೋದೆವು. ಆಕೆ ಕಂಪ್ಯೂಟರಿನ ಮುಂದೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಹೊಸ ಸದಸ್ಯರ ಫೋಟೋ ತೆಗೆಯಲು ಕೊಟ್ಟಿದ್ದ ಕ್ಯಾಮರಾ ಆಕೆಯ ಕಡೆಗೇ ತಿರುಗಿತ್ತು. ಪರದೆಯಲ್ಲಿ ತಗಡಿನ ಚಾವಣಿ ಮಾತ್ರ ಕಾಣುತ್ತಿತ್ತು.

“ಯಾರವ್ವಾ ಅವರಿಬ್ರು? ಉಣ್ಣೋ ಮುಂದ ಬಂದು ನಿಂತಾರ?” ಎಂದಿತು ಚಾವಣಿ.

ಆಕೆ ತಟ್ಟನೆ ಎದ್ದಳು. “ನಮ್ಮ ಅತ್ತಿ ರೀ. ಹಿರೇಹಡಗಲಿ ಮನ್ಯಾಗ ಅದಾರ. ಕೆಲಸದ ಹೊತ್ತಿನ್ಯಾಗ ಮೊಬೈಲ್ ಡ್ರಾವರ್‌ನ್ಯಾಗ ಇಡಬೇಕು ಅಂತ ನೀವು ರೂಲ್ ಮಾಡೀರಲ್ರಿ, ಅದಕ್ಕ ಇದ್ರಾಗ…”

“ದಿನಾ ಅರ್ಧ ತಾಸು ಏನ್ ಮಾತಾಡ್ತೀಯಮ್ಮ?” ಅಂದರು ಅಧ್ಯಕ್ಷರು.

“ಅಕೀನ ಏನ್ ಕೇಳ್ತಿ, ನನ್ನ ಕೇಳು,” ಅಂದಿತು ಚಾವಣಿ. “ದಿನಾ ನಾಕು ರೊಟ್ಟಿ ಕಟ್ಟಿ ಕಳಿಸ್ತೀನಿ. ಡಬ್ಬಿ ಖಾಲಿ ಬರ್ತೈತಿ, ಬಸುರಿ ಮೈಗೆ ಮಾತ್ರ ಹತ್ತವಲ್ದು. ಎರಡು ಇಕಿ ಹೊಟ್ಟಿಗೆ ಹೋಗ್ತಾವು. ಉಳಿದ ಎರಡು ಎಲ್ಲಿಗೆ ಹೊಂಟಾವು ಅಂತ ಕುಂತು ನೋಡಾಕತ್ತೀನಿ.”

ನನ್ನ ಕೆಲಸವನ್ನು ಇಷ್ಟು ಸರಿಯಾಗಿ ನಾನೇ ಯಾರಿಗೂ ವಿವರಿಸಿರಲಿಲ್ಲ. ಹೊರಗೆ ಹೋಗುತ್ತಿದ್ದುದು ಸೊಸೆಯ ಊಟದ ವಿಡಿಯೋ. ಅತ್ತೆ ಫೋನನ್ನು ಅಂಗಾತ ಇಟ್ಟುಕೊಂಡಿದ್ದರಿಂದ ಒಳಗೆ ಬರುತ್ತಿದ್ದುದು ಕದಲದ ಚಾವಣಿ. ಅದಕ್ಕೆ ಎಷ್ಟು ಡೇಟಾ ಬೇಕು?

“ಗೊತ್ತಾತೇನವ್ವಾ, ಎಲ್ಲಿಗೆ ಹೊಂಟಾವು ಅಂತ?” ಅಧ್ಯಕ್ಷರ ದನಿ ಇಳಿದಿತ್ತು.

“ಮೂರನೇ ದಿನಕ್ಕ ಗೊತ್ತಾತು. ಆ ಮೂಲ್ಯಾಗ ಕುಂತಾನ ನೋಡು, ದುಂಡನ ಮನುಷ್ಯಾ.”

ಮೂಲೆಯಲ್ಲಿ ಮ್ಯಾನೇಜರು ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಎದ್ದು ನಿಂತರು. “ಹೋಟೆಲ್ ಊಟ ನನಗ ಹೊಂದವಲ್ದ್ರಿ…”

“ಗೊತ್ತಾದ ಮ್ಯಾಲೂ ಯಾಕ ನೋಡ್ತೀಯವ್ವಾ?” ಅಂದರು ಅಧ್ಯಕ್ಷರು.

“ಈಗ ಆರು ಕಟ್ತೀನಿ. ಇಕಿ ಪಾಲು ಇಕಿ ಉಣ್ತಾಳೋ ಇಲ್ಲೋ ನೋಡಬೇಕಲ್ಲ? ನಿಂತ್ಕಂಡು ಏನ್ ಕೇಳ್ತೀರಿ, ಕುಂದರ್ರಿ. ಇಬ್ರಿಗೂ ಒಂದೊಂದು ಕೊಡವ್ವಾ.”

ತಟ್ಟೆ ಇರಲಿಲ್ಲ. ನಾನು ಕೈಯೊಡ್ಡಿದೆ. ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಜೇಬಿನಿಂದ ಆದೇಶವನ್ನು ತೆಗೆದು ಮಡಿಕೆ ಬಿಚ್ಚಿ ಟೇಬಲಿನ ಮೇಲೆ ಹಾಸಿದರು. ಆಕೆ ಅದರ ಮೇಲೆ ರೊಟ್ಟಿ ಹಾಕಿ, ಬದನೆಕಾಯಿ ಎಣ್ಣೆಗಾಯಿ ಬಡಿಸಲು ಬಗ್ಗಿದವಳು ತನ್ನ ಹೆಸರು ಕಂಡು ನಿಂತುಬಿಟ್ಟಳು. ಚಮಚದಿಂದ ಒಂದು ಹೋಳು ಅಧ್ಯಕ್ಷರ ಸಹಿಯ ಮೇಲೆ ಬಿದ್ದು, ಎಣ್ಣೆ ಹರಡತೊಡಗಿತು.

“ಏನೋ ಯಪ್ಪಾ, ಅಕ್ಷರದ ಮ್ಯಾಲೆ ಉಣ್ತೀಯಲ್ಲ! ಏನ್ ಕಾಗದ ಅದು?” ಅಂದಿತು ಚಾವಣಿ.

ಅಧ್ಯಕ್ಷರು ರೊಟ್ಟಿ ಮುರಿದರು.

“ಏನಿಲ್ಲವ್ವಾ. ರೊಟ್ಟಿ ಹಾಕ್ಕಳಾಕಂತ ಕೊಟ್ಟೂರಾಗ ಟೈಪ್ ಮಾಡಿಸ್ಕಂಡು ಬಂದೀನಿ.”