ಮೂರನೇ ಮುದ್ದೆಯ ಅರ್ಥಶಾಸ್ತ್ರ

ನಮ್ಮ ಮನೆಯಲ್ಲಿ ನಾನು ಯಜಮಾನನಾಗಿದ್ದ ಕೊನೆಯ ದಿನ ಒಂದು ಭಾನುವಾರ. ಮೂಡಲಪಾಳ್ಯದ ನಮ್ಮ ಮನೆಯ ಹಾಲ್‌ನಲ್ಲಿ ಪೇಪರನ್ನು ಮುಖದ ಮೇಲೆ ಹೊದ್ದುಕೊಂಡು ಮಲಗಿದ್ದೆ. ಒಳಗೆ ಹಿತಕಿದ ಬೇಳೆ ಸಾರು ಕುದಿಯುತ್ತಿತ್ತು. ಏಳುವಷ್ಟರಲ್ಲಿ ರಾಗಿ ಮುದ್ದೆ ತಯಾರಾಗಿತ್ತು. ಮೂರು ಮುದ್ದೆ ಉಂಡು ಮತ್ತೆ ಮಲಗಿದೆ. ಯಾರೂ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಎಂಥ ಸುಖ ಅಂತ ಆಗ ಗೊತ್ತಿರಲಿಲ್ಲ.

ಸೋಮವಾರ ಸಂಜೆ ನನ್ನ ಹೆಂಡತಿ ಜಯ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. “ರೀ, ನಾನು ಬಿ.ಎ. ಮಾಡ್ತೀನಿ. ಫೀಸು ಕಂಪನೀನೇ ಕಟ್ಟುತ್ತಂತೆ.”

ಅವಳು ಅಲ್ಲಿ ಚೆಕಿಂಗ್ ಸೆಕ್ಷನ್‌ನಲ್ಲಿದ್ದಳು. ಸೂಪರ್‌ವೈಸರ್ ಆಗಬೇಕೆಂಬ ಆಸೆ ಬಹಳ ವರ್ಷದ್ದು, ಆದರೆ ಅದಕ್ಕೆ ಡಿಗ್ರಿ ಬೇಕಿತ್ತು. ಪಿಯುಸಿ ಮುಗಿಯುತ್ತಲೇ ಮದುವೆಯಾಗಿ ಅವಳ ಓದು ನಿಂತಿತ್ತು. ಆ ಮದುವೆ ನನ್ನ ಜೊತೆಯೇ ಆದದ್ದರಿಂದ ಅದರ ಬಗ್ಗೆ ನಾನು ಹೆಚ್ಚು ಮಾತಾಡುವ ಹಾಗಿಲ್ಲ. ಈಗ ಕಂಪನಿಯವರು, ಕೆಲಸ ಮಾಡುತ್ತಲೇ ಮನೆಯಲ್ಲಿ ಓದಿ ಪರೀಕ್ಷೆ ಕಟ್ಟಿ, ಪಾಸಾದರೆ ಖರ್ಚು ನಮ್ಮದು, ಫೇಲಾದರೆ ನಿಮ್ಮ ಸಂಬಳದಲ್ಲಿ ಹಿಡಿಯುತ್ತೇವೆ ಅಂದಿದ್ದರು.

ಅತ್ತಿಗುಪ್ಪೆಯಿಂದ ನಮ್ಮಕ್ಕ ಬಂದಿದ್ದಾಗ ಸುದ್ದಿ ಕೇಳಿ ಕಾಫಿ ಲೋಟ ಕೆಳಗಿಟ್ಟಳು. “ಈ ವಯಸ್ಸಲ್ಲಿ ಓದಿ ಯಾವ ಊರಿನ ಡಿಸಿ ಆಗ್ಬೇಕಮ್ಮ?”

“ಡಿಸಿ ಬೇಡ ಅತ್ತಿಗೆ, ಸೂಪರ್‌ವೈಸರ್ ಆದ್ರೆ ಸಾಕು,” ಅಂದಳು ಜಯ. “ಇನ್ನೊಂಚೂರು ಕಾಫಿ ಹಾಕ್ಲಾ?”

ಇಷ್ಟರವರೆಗೂ ನನಗೇನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಜಯ ಓದುವ ರೀತಿಯಲ್ಲಿ. ಸುಮ್ಮನೆ ಓದಿದರೆ ಅವಳಿಗೆ ಒಂದಕ್ಷರ ನಿಲ್ಲುತ್ತಿರಲಿಲ್ಲ. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಪಾಠ ಹೇಳಬೇಕು, ಆಗಲೇ ತಲೆಗೆ ಹತ್ತುವುದು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಹೀಗಾಗಿ ಎಸ್ಸೆಸ್ಸೆಲ್ಸಿಯನ್ನೇ ಎರಡು ಸಲ ಬರೆದ ನಾನು ನಡುವಯಸ್ಸಿನಲ್ಲಿ ಬಿ.ಎ. ತರಗತಿಗೆ ಸೇರಿದ ಹಾಗಾಯಿತು.

ತಪ್ಪಿಸಿಕೊಳ್ಳೋಣವೆಂದರೆ ಅದು ಅವರೆಕಾಯಿ ಕಾಲ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಲು ಕೂತರೆ ಎರಡು ಕೈಯೂ ಒದ್ದೆ. ಫೋನ್ ಮುಟ್ಟುವ ಹಾಗಿಲ್ಲ, ಟಿವಿ ಹಾಕುವ ಹಾಗಿಲ್ಲ, ಕಾಳು ಮುಗಿಯದೆ ಏಳುವ ಹಾಗಿಲ್ಲ. ಜಯ ಅದನ್ನೇ ತರಗತಿ ಮಾಡಿಕೊಂಡಳು. ಅವರೆ ಮುಗಿದ ಮೇಲೆ ಸೊಪ್ಪು ಬಿಡಿಸುವ ಕೆಲಸ ಬಂತು. ಸಿಲಬಸ್ ಮಾತ್ರ ಮುಗಿಯಲಿಲ್ಲ.

“ಹೇಳಿ, ಇಳಿಮುಖ ಸೀಮಾಂತ ತುಷ್ಟಿಗುಣ ಅಂದ್ರೇನು?”

“ಆ ಹೆಸರು ಕೇಳಿದ್ರೇ ಹಸಿವಾಗುತ್ತೆ ಕಣೇ.”

“ಹಸಿವಿನ ವಿಷಯಾನೇ ಅದು. ಹಸಿದಾಗ ಮೊದಲ್ನೇ ಮುದ್ದೆ ಅಮೃತ. ಎರಡ್ನೇದು ಪರವಾಗಿಲ್ಲ. ಮೂರ್ನೇದ್ರಲ್ಲಿ ಏನೂ ಇಲ್ಲ, ಬರೀ ಚಟ. ಹೆಚ್ಚೆಚ್ಚು ತಿಂದಂಗೆ ಒಂದೊಂದ್ರಲ್ಲೂ ಸಿಗೋ ತೃಪ್ತಿ ಕಮ್ಮಿ ಆಗುತ್ತೆ.”

“ನನ್ನ ಹೊಟ್ಟೆಗೆ ಈ ನಿಯಮ ಗೊತ್ತಿಲ್ಲ.”

“ಇವತ್ತಿಂದ ಗೊತ್ತಾಗುತ್ತೆ.”

ಆ ರಾತ್ರಿ ಎರಡನೇ ಮುದ್ದೆ ಮುಗಿದ ಮೇಲೆ “ಸಾಕು, ಏಳಿ” ಅಂದಳು. ನನ್ನ ಸಕ್ಕರೆ ಕಾಯಿಲೆಗೆ ಡಾಕ್ಟರು ಇದೇ ಮಾತನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಆದರೆ ಅವರ ಮಾತು ಯಾವ ಸಿಲಬಸ್‌ನಲ್ಲೂ ಇರಲಿಲ್ಲವಲ್ಲ. ಆಮೇಲೆ ಜಯ ನನಗೆ ಮೂರನೇ ಮುದ್ದೆ ಕಟ್ಟಿದ್ದೇ ಇಲ್ಲ.

ಅರ್ಥಶಾಸ್ತ್ರದ ಪರೀಕ್ಷೆಗೆ ವಿಜಯನಗರದ ಒಂದು ಕಾಲೇಜಿಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಮರದ ಕೆಳಗೆ ಖಾಕಿ ಸಮವಸ್ತ್ರದಲ್ಲೇ ಬಂದಿದ್ದ ಬಸ್ ಕಂಡಕ್ಟರ್ ಒಬ್ಬರು ಪುಸ್ತಕ ಹಿಡಿದು ಒದ್ದಾಡುತ್ತಿದ್ದರು. ಬೆಲೆ ಇಳಿದರೆ ಬೇಡಿಕೆ ಯಾಕೆ ಏರುತ್ತದೆ ಅನ್ನುವುದು ಅವರಿಗೆ ತಲೆಗೆ ಹೋಗುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವರೆಕಾಯಿ ಮಾರುಕಟ್ಟೆಗೆ ಹೊಸದಾಗಿ ಬಂದಾಗ ನಾವು ಕೊಳ್ಳುವುದೆಷ್ಟು, ಸುಗ್ಗಿಯಲ್ಲಿ ಮೂಟೆಗಟ್ಟಲೆ ಸುರಿದಾಗ ಕೊಳ್ಳುವುದೆಷ್ಟು ಅಂತ ಬಿಡಿಸಿ ಹೇಳಿದೆ. ಇನ್ನೂ ನಾಲ್ಕೈದು ಜನ ಬಂದು ಸುತ್ತ ನಿಂತರು. ಒಬ್ಬರು ಕೈಕಟ್ಟಿಕೊಂಡು, “ಸಾರ್, ತಾವು ಯಾವ ಕಾಲೇಜಲ್ಲಿ ಲೆಕ್ಚರರು?” ಅಂದರು.

ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್ ಅನ್ನಬೇಕಿತ್ತು. “ಸದ್ಯಕ್ಕೆ ರಜದಲ್ಲಿದೀನಿ,” ಅಂದುಬಿಟ್ಟೆ.

ಹಿಂದೆಯೇ ನಿಂತು ಕೇಳಿಸಿಕೊಂಡ ಜಯ ಹಾಲ್ ಟಿಕೆಟ್ ಹಿಡಿದು ಒಳಗೆ ಹೋದಳು. ಪರೀಕ್ಷೆ ಮುಗಿಸಿ ಬಂದವಳು ಆಟೋ ಹತ್ತಿದ ಮೇಲೆ, “ರಜ ಯಾವಾಗ ಮುಗಿಯುತ್ತೆ ಲೆಕ್ಚರರ್ರೇ?” ಅಂತ ಕೇಳಿ ಮೂಡಲಪಾಳ್ಯ ಬರುವವರೆಗೂ ನಕ್ಕಳು.

ಅವಳು ಒಂದು ವಿಷಯದಲ್ಲೂ ಫೇಲಾಗದೆ ಬಿ.ಎ. ಮುಗಿಸಿದಳು. ಸೂಪರ್‌ವೈಸರ್ ಆದಳು. ಆ ವಾರವೇ ನಾನು ಅವಳಿಗೆ ಹೇಳದೆ ‘ಜಯಲಕ್ಷ್ಮಿ, ಬಿ.ಎ.’ ಅಂತ ಬೋರ್ಡ್ ಬರೆಸಿ ಗೇಟಿಗೆ ಹಾಕಿಸಿದೆ. “ವಕೀಲರ ಮನೆ ಅಂದ್ಕೊಂಡು ಜನ ಬೆಲ್ ಹೊಡೀತಾರೆ, ತೆಗೀರಿ ಅದನ್ನ,” ಅಂತ ಬೈದಳು. ಆದರೆ ಬೆಳಿಗ್ಗೆ ರಂಗೋಲಿ ಹಾಕಿ ಏಳುವಾಗ ಸೆರಗಿನ ತುದಿಯಿಂದ ಅದರ ಧೂಳು ಒರೆಸುವುದನ್ನು ಕಿಟಕಿಯಿಂದ ನೋಡಿದ್ದೇನೆ.

ಹೋದ ವರ್ಷ ಜಯ ತೀರಿಕೊಂಡಳು. ಹೃದಯದ ತೊಂದರೆ. ಆಸ್ಪತ್ರೆಗೆ ಸೇರಿಸಿದೆವು, ಉಳಿಯಲಿಲ್ಲ. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಕೆಲವು ತಿಂಗಳ ನಂತರ ನಮ್ಮ ಫ್ಯಾಕ್ಟರಿಯಲ್ಲೂ ಓದುವವರ ಫೀಸು ಕಟ್ಟುವುದಾಗಿ ಹೇಳಿದರು. “ಸೇರ್ಕೊಳಿ ಅಣ್ಣ, ಸಂಜೆ ಮನೆಗೆ ಹೋಗಿ ಏನ್ ಮಾಡ್ತೀರಾ?” ಅಂದರು ಜೊತೆಯವರು. ಮರುದಿನವೇ ಫಾರಂ ತುಂಬಿ ಪಿಯುಸಿಗೆ ಸೇರಿದೆ. ಇತಿಹಾಸದಲ್ಲಿ ತೆವಳಿಕೊಂಡು ಪಾಸಾದೆ. ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಮಾತ್ರ ಆ ತುಷ್ಟಿಗುಣದ ಪ್ರಶ್ನೆಯೇ ಬಂದಿತ್ತು. ಪುಸ್ತಕದಲ್ಲಿದ್ದ ಸೇಬಿನ ಉದಾಹರಣೆ ಬಿಟ್ಟು ಮುದ್ದೆಯದನ್ನೇ ಬರೆದೆ. ಒಳ್ಳೆಯ ಅಂಕ ಬಂತು.

“ಬುದ್ಧಿವಂತ ಕಣೋ ನೀನು,” ಅಂದಳು ನಮ್ಮಕ್ಕ ಫೋನಿನಲ್ಲಿ.

“ನನಗೆ ಪಾಠ ಹೇಳಿದೋಳ ಹೆಸರು ಗೇಟ್ ಮೇಲಿದೆ. ಈ ಸಲ ಬಂದಾಗ ಓದ್ಕೊಂಡು ಒಳಗೆ ಬಾ,” ಅಂದೆ.

ಆ ಸಂಜೆ ಒಬ್ಬನೇ ಕೂತು ಅವರೆಕಾಳು ಹಿತುಕಿ ಸಾರು ಮಾಡಿದೆ. ಸಂಭ್ರಮಕ್ಕೆಂದು ಮೂರು ಮುದ್ದೆ ಕಟ್ಟಿದೆ. ಎರಡು ಮುಗಿಸಿದೆ. ಆಮೇಲೆ ಮೂರನೆಯದನ್ನೂ ಹಾಕಿಕೊಂಡೆ. ಅವಳು ಹೇಳಿದ್ದು ನಿಜ, ಅದರಲ್ಲಿ ಏನೂ ಇರಲಿಲ್ಲ. “ಸಾಕು, ಏಳಿ” ಅನ್ನಲು ಜಯ ಇಲ್ಲ.